ಎಮ್ಮಿ ಹೆನ್ನಿಂಗ್ಸ್: ಮುಚ್ಚಿಡದ ಬದುಕು

1916ರ ಫೆಬ್ರವರಿ 5ರ ಸಂಜೆಯನ್ನು ಒಮ್ಮೆ ಊಹಿಸಿಕೊಳ್ಳಿ. ಯುರೋಪಿನ ಕಂದಕಗಳಲ್ಲಿ ಲಕ್ಷಾಂತರ ಯುವಕರು ಮಡಿಯುತ್ತಿದ್ದ ಕಾಲವದು. ಯುದ್ಧದಿಂದ ಹೊರಗುಳಿದಿದ್ದ ಸ್ವಿಟ್ಜರ್ಲೆಂಡಿನ ಝೂರಿಕ್ ನಗರದ ಇಕ್ಕಟ್ಟಾದ ಬೀದಿಯೊಂದರಲ್ಲಿ ಅಂದು 'ಕಬರೆ ವೋಲ್ಟೇರ್' ಎಂಬ ಪುಟ್ಟ ರಂಗಸ್ಥಳ ತೆರೆಯಿತು. ಅರ್ಥವಿಲ್ಲದ ಶಬ್ದಗಳ ಕವಿತೆ, ಮುಖವಾಡಗಳ ಕುಣಿತ, ಗದ್ದಲ, ಅಣಕ. ನಾಗರಿಕತೆಯ ಹೆಸರಿನಲ್ಲಿ ನರಬಲಿ ನಡೆಸುತ್ತಿದ್ದ ಲೋಕಕ್ಕೆ ಕಲಾವಿದರು ಕೊಟ್ಟ ಉತ್ತರವದು. ಮುಂದೆ ಅದಕ್ಕೆ 'ದಾದಾ' ಎಂಬ ಹೆಸರು ಬಂದಿತು.

ಆ ರಂಗಸ್ಥಳವನ್ನು ಸ್ಥಾಪಿಸಿದವರು ಹ್ಯೂಗೊ ಬಾಲ್ ಮತ್ತು ಎಮ್ಮಿ ಹೆನ್ನಿಂಗ್ಸ್. ಕಲೆಯ ಇತಿಹಾಸ ಬಾಲ್ ಅವರನ್ನು ನೆನಪಿಟ್ಟುಕೊಂಡಿತು. ಎಮ್ಮಿಯವರನ್ನು ಬಹುಕಾಲ ಅವರ ಸಂಗಾತಿಯೆಂದಷ್ಟೇ ಗುರುತಿಸಿತು. ಆದರೆ ಪ್ರತಿರಾತ್ರಿಯೂ ಹಾಡಿ, ನಟಿಸಿ, ಗೊಂಬೆಗಳನ್ನು ಆಡಿಸಿ ಜನರನ್ನು ಸೆಳೆದವರು ಅವರೇ.

ಎಮ್ಮಿ 1885ರಲ್ಲಿ ಜರ್ಮನಿಯ ಬಂದರುನಗರ ಫ್ಲೆನ್ಸ್‌ಬರ್ಗಿನಲ್ಲಿ, ಬಡ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಮದುವೆ, ಮೊದಲ ಮಗುವಿನ ಮರಣ, ಪತಿಯಿಂದ ಪರಿತ್ಯಾಗ. ಮಗಳು ಆನ್‌ಮರಿಯನ್ನು ತಾಯಿಯ ಮಡಿಲಿಗೊಪ್ಪಿಸಿ, ಊರಿಂದೂರಿಗೆ ಅಲೆಯುವ ನಾಟಕ ತಂಡಗಳನ್ನು ಸೇರಿದರು. ಹಸಿವೆ ದೇಹವನ್ನು ಮಾರುವ ಸ್ಥಿತಿಗೂ ಅವರನ್ನು ತಳ್ಳಿತು. ಮ್ಯೂನಿಕ್ ನಗರದಲ್ಲಿ ಕಳ್ಳತನದ ಅಪರಾಧಕ್ಕಾಗಿ ಸೆರೆವಾಸವನ್ನೂ ಅನುಭವಿಸಿದರು.

ಇದೇ ಅಲೆದಾಟದ ನಡುವೆ, 1911ರಲ್ಲಿ, ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅನಂತರವೂ ಅವರು ರಾತ್ರಿಯ ವೇದಿಕೆಯಲ್ಲಿ ಹಾಡುತ್ತಲೇ ಇದ್ದರು. ನಮಗೆ ಇದು ವಿಚಿತ್ರವೆನಿಸಬಹುದು. ವಿಶ್ವಾಸಕ್ಕೆ ಬಂದವರ ಬದುಕು ಮರುದಿನವೇ ಶುಚಿಯಾಗಿ ಕಾಣಬೇಕೆಂದು ನಾವು ಬಯಸುತ್ತೇವಲ್ಲವೇ? ಎಮ್ಮಿಯವರ ಹಾದಿ ಅಷ್ಟು ನೇರವಾಗಿರಲಿಲ್ಲ.

ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ. 1913ರಲ್ಲಿ ಅವರ ಪುಟ್ಟ ಕವನ ಸಂಕಲನ ಪ್ರಕಟವಾಯಿತು. 1919ರಲ್ಲಿ 'ಸೆರೆಮನೆ' ಎಂಬ ಕಾದಂಬರಿಯಲ್ಲಿ ತಮ್ಮ ಬಂಧನದ ದಿನಗಳನ್ನೂ, ಜೊತೆಗಿದ್ದ ಹೆಂಗಸರ ನೋವನ್ನೂ ಬರೆದರು. ಮರುವರ್ಷ ಬಂದ ಕಾದಂಬರಿಯ ಹೆಸರು 'ಬರೆಯ ಗುರುತು'. ಸಮಾಜ ಹೆಣ್ಣಿನ ಮೈಮೇಲೆ ಎಳೆದ ಬರೆಯನ್ನು ಅವರು ಸೆರಗಿನಲ್ಲಿ ಅಡಗಿಸಲಿಲ್ಲ. ಅದನ್ನು ಎಲ್ಲರೂ ಓದುವಂತೆ ಮಾಡಿದರು.

1920ರಲ್ಲಿ ಎಮ್ಮಿ ಮತ್ತು ಬಾಲ್ ವಿವಾಹವಾದರು. ಬಾಲ್ಯದ ವಿಶ್ವಾಸವನ್ನು ತೊರೆದಿದ್ದ ಬಾಲ್ ಅದೇ ಕಾಲದಲ್ಲಿ ಮರಳಿ ಧರ್ಮಸಭೆಗೆ ಬಂದು, 1923ರಲ್ಲಿ ಪೂರ್ವದ ಮೂವರು ಪುರಾತನ ಸಂತರನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ದಕ್ಷಿಣ ಸ್ವಿಟ್ಜರ್ಲೆಂಡಿನ ಹಳ್ಳಿಯಲ್ಲಿ ಬಡತನದಲ್ಲಿದ್ದ ಈ ದಂಪತಿಗೆ ಸಾಹಿತಿ ಹರ್ಮನ್ ಹೆಸ್ಸೆ ಆಪ್ತ ಸ್ನೇಹಿತರಾಗಿದ್ದರು. 1927ರಲ್ಲಿ, ಕೇವಲ 41ನೆಯ ವಯಸ್ಸಿನಲ್ಲಿ, ಬಾಲ್ ಕ್ಯಾನ್ಸರಿನಿಂದ ತೀರಿಕೊಂಡರು. ಎಮ್ಮಿ ಕಾರ್ಖಾನೆಯಲ್ಲಿ ದುಡಿದು, ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸಿದರು. ಬರವಣಿಗೆಯನ್ನು ಬಿಡಲಿಲ್ಲ. ಪತಿ ದೇವರೆಡೆಗೆ ನಡೆದ ದಾರಿಯನ್ನು ಕುರಿತು 1931ರಲ್ಲಿ ಪುಸ್ತಕವೊಂದನ್ನು ಹೊರತಂದರು. 1948ರಲ್ಲಿ ನಿಧನರಾದ ಅವರು, ಜೆಂಟಿಲಿನೊ ಗ್ರಾಮದ ಸಂತ ಅಬ್ಬೊಂದಿಯೊ ದೇವಾಲಯದ ಬಳಿಯ ಸ್ಮಶಾನದಲ್ಲಿ ಪತಿಯೊಂದಿಗೆ ವಿಶ್ರಮಿಸುತ್ತಿದ್ದಾರೆ.

ಓದುಗರೇ, ಸಮಾರ್ಯದ ಬಾವಿಯ ಬಳಿ ಯೇಸುಸ್ವಾಮಿಯನ್ನು ಕಂಡ ಸ್ತ್ರೀಯೂ ತನ್ನ ಬದುಕನ್ನು ಬಲ್ಲ ಊರಿಗೇ ಓಡಿಹೋಗಿ ಸಾಕ್ಷಿ ನುಡಿದಳು. ಆ ಊರಿನವರು ಅವಳ ಮಾತನ್ನು ಕೇಳಿಸಿಕೊಂಡರು. ಎಮ್ಮಿಯಂಥ ಹೆಣ್ಣುಮಗಳೊಬ್ಬಳು ಬರುವ ಭಾನುವಾರ ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಬಂದು ಕುಳಿತರೆ, ನಾವು ಆಕೆಯ ಗತವನ್ನು ಪಿಸುಗುಡುವೆವೋ, ಇಲ್ಲವೇ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡುವೆವೋ?