ಹಲಗೆಯ ಜಗಲಿಗೆ ಬಣ್ಣ ಹಚ್ಚಿದ ಕಥೆ

ಮರಕ್ಕೆ ಬಣ್ಣ ಹಚ್ಚುವ ಸಂಗತಿಯೂ ಇತಿಹಾಸದ ವಿಷಯವಾಗಬಲ್ಲುದೇ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅರಸರ ದಂಡಯಾತ್ರೆ, ಶಾಸನ, ಸಂಧಿವಿಗ್ರಹಗಳನ್ನು ಬಿಟ್ಟು ಹಿತ್ತಿಲ ಹಲಗೆಯ ಮಾತೇಕೆ? ಆದರೆ ದೊಡ್ಡ ಘಟನೆಗಳು ಮನೆಯ ಬಾಗಿಲಿಗೆ ಬಂದು ನಿಲ್ಲುವುದು ಸಣ್ಣ ವಸ್ತುಗಳ ರೂಪದಲ್ಲಿಯೇ. ಈ ಹಲಗೆಯ ಜಾಡು ಹಿಡಿದು ಹೋದರೆ ಹಡಗು ಕಟ್ಟಿದವರು, ಬಾಸ್ಟನ್ನಿನ ಒಬ್ಬ ರಸಾಯನ ವಿಜ್ಞಾನಿ, ಡೆಹರಾಡೂನಿನಲ್ಲಿ ದುಡಿದ ಒಬ್ಬ ಭಾರತೀಯ, ಇವರೆಲ್ಲ ನಮಗೆ ಎದುರಾಗುತ್ತಾರೆ.

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರಿಗೆ ‘ಡೆಕ್’ ಎಂಬುದು ಅಪರಿಚಿತವಲ್ಲ. ಮನೆಯ ಹಿಂಬದಿಗೆ ಅಂಟಿಕೊಂಡು, ನೆಲದಿಂದ ಮೇಲಕ್ಕೆತ್ತಿದ, ಮೇಲೆ ಸೂರಿಲ್ಲದ ಹಲಗೆಯ ಜಗಲಿ ಅದು. ನಮ್ಮ ಜಗಲಿ ಬೀದಿಯ ಕಡೆಗೆ ಮುಖಮಾಡಿ ಬಂದವರನ್ನು ಕರೆದರೆ, ಅವರ ಜಗಲಿ ಹಿತ್ತಿಲಿಗೆ ಮುಖಮಾಡಿ ಮನೆಯವರನ್ನಷ್ಟೇ ಕೂರಿಸಿಕೊಳ್ಳುತ್ತದೆ. ಸೂರಿಲ್ಲದ್ದರಿಂದ ಬಿಸಿಲು, ಮಳೆ, ಹಿಮಗಳೆಲ್ಲ ಅದರ ಮೇಲೆಯೇ. ಆದಕಾರಣ ಕೆಲವು ವರ್ಷಗಳಿಗೊಮ್ಮೆ ಬೇಸಿಗೆಯ ರಜೆಯಲ್ಲಿ ಯಜಮಾನನೇ ಕುಂಚ ಹಿಡಿದು ಅದಕ್ಕೆ ಬಣ್ಣ ಹೀರಿಸುವ ವ್ರತವೊಂದು ಅಲ್ಲಿ ನಡೆಯುತ್ತದೆ.

ಭಾಷೆಯ ವಿದ್ಯಾರ್ಥಿಯಾದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಈ ಪದಗಳೇ. ‘ಡೆಕ್’ ಇಂಗ್ಲಿಷಿಗೆ ಬಂದದ್ದು ಹಳೆಯ ಡಚ್ ಭಾಷೆಯಿಂದ. ಅಲ್ಲಿ ಅದರ ಅರ್ಥ ಹೊದಿಕೆ. ಹಡಗಿನ ಒಡಲನ್ನು ಮುಚ್ಚುವ ಹೊದಿಕೆಯೇ ಅದರ ಮೇಲೆ ನಡೆದಾಡುವವರಿಗೆ ನೆಲವಾಯಿತು. ಸಂಸ್ಕೃತದಲ್ಲಿ ‘ಮುಚ್ಚು’ ಎಂಬ ಅರ್ಥದ ‘ಸ್ಥಗ್’ ಧಾತುವನ್ನು ಇದೇ ಕುಲಕ್ಕೆ ಸೇರಿಸುತ್ತಾರೆ. ಮುಚ್ಚಿದ್ದು ಎಂಬ ಅರ್ಥದ ‘ಸ್ಥಗಿತ’ ನಮ್ಮಲ್ಲಿಗೆ ಬಂದು ‘ನಿಂತುಹೋದದ್ದು’ ಆಯಿತು. ಇನ್ನು ‘ಸ್ಟೇನ್’. ಬಣ್ಣ ಕೆಡಿಸು ಎಂಬ ಹಳೆಯ ಫ್ರೆಂಚ್ ಪದದ ನಂಟು ಅದಕ್ಕಿದೆ. ಬರಬರುತ್ತ ಅದೇ ಬಣ್ಣ ಕೊಡುವುದೂ ಆಯಿತು. ಕನ್ನಡದ ‘ಕಲೆ’ಯನ್ನು ನೆನೆಯಿರಿ. ಬಟ್ಟೆಯ ಮೇಲೆ ಬಿದ್ದದ್ದೂ ಕಲೆ, ಶಿಲ್ಪಿಯ ಕೈಯಲ್ಲಿರುವುದೂ ಕಲೆ. ಒಂದು ದೇಶ್ಯ, ಇನ್ನೊಂದು ಸಂಸ್ಕೃತ; ಮೂಲ ಬೇರೆಯಾದರೂ ಮರದ ಹಲಗೆಯ ಮೇಲೆ ಎರಡೂ ಒಂದಾಗುತ್ತವೆ.

ಬಯಲಿನಲ್ಲಿಟ್ಟ ಹೊಸ ಹಲಗೆ ಒಂದೆರಡು ವರ್ಷಗಳಲ್ಲಿ ಬೂದುಬಣ್ಣಕ್ಕೆ ತಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಮರದ ನಾರುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಬಿಸಿಲಿನ ಅತಿನೇರಳೆ ಕಿರಣಗಳು ಅದನ್ನು ಮುರಿಯುತ್ತವೆ. ಮಳೆ ಅದನ್ನು ತೊಳೆದುಬಿಡುತ್ತದೆ. ಉಳಿಯುವುದು ಸಡಿಲವಾದ ಬೂದು ನಾರು. ಪೇಂಟು ಮರದ ಮೇಲೆ ಒಂದು ಪೊರೆಯಾಗಿ ಕೂರುತ್ತದೆ. ಗೋಡೆಗೆ ಇದು ಸರಿ. ಆದರೆ ಮೇಲೆ ಓಡಾಟವಿರುವ, ನೀರು ನಿಲ್ಲುವ ಹಲಗೆಯಲ್ಲಿ ಬಿರುಕಿನಿಂದ ಒಳಗೆ ಇಳಿದ ತೇವ ಪೊರೆಯಡಿಯಲ್ಲಿ ಸಿಕ್ಕಿಕೊಂಡು ಪೇಂಟನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಸ್ಟೇನ್ ಹಾಗಲ್ಲ. ತೆಳುವಾದ ಎಣ್ಣೆಯೊಡನೆ ನುಣ್ಣನೆಯ ವರ್ಣಕಣಗಳು ಮರದೊಳಗೆ ಇಳಿಯುತ್ತವೆ. ಕಣಗಳು ಬಿಸಿಲನ್ನು ತಡೆಯುತ್ತವೆ, ಎಣ್ಣೆ ನೀರನ್ನು ತಡೆಯುತ್ತದೆ, ಮರದ ಎಳೆಗಳು ಕಣ್ಣಿಗೆ ಕಾಣುತ್ತಲೇ ಇರುತ್ತವೆ. ನಮ್ಮ ಕರಾವಳಿಯವರು ದೋಣಿಗೂ ಮರಮುಟ್ಟಿಗೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚುತ್ತಿದ್ದುದರ ಹಿಂದೆಯೂ ಎಣ್ಣೆಯಿಂದ ನೀರನ್ನು ತಡೆಯುವ ಇದೇ ವಿವೇಕವಿತ್ತು.

ಈ ವಿವೇಕ ಕಾರ್ಖಾನೆಯ ಸರಕಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತ ಕಲ್ಲಿದ್ದಲ ಡಾಂಬರಿನಿಂದ ಬರುವ ಎಣ್ಣೆಯನ್ನು ಒತ್ತಡದಿಂದ ಮರದೊಳಕ್ಕೆ ನುಗ್ಗಿಸುವ ವಿಧಾನಕ್ಕೆ ಪೇಟೆಂಟು ಪಡೆದ. ರೈಲಿನ ಕಂಬಿಯಡಿಯ ಸ್ಲೀಪರುಗಳಿಗೆ ಇದು ಆಯುಸ್ಸು ಕೊಟ್ಟಿತು. 1877ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಕ್ಯಾಬಟ್ ಆರಂಭಿಸಿದ ಉದ್ಯಮವು ಇಂಥದೇ ಡಾಂಬರೆಣ್ಣೆಯಿಂದ, ಮನೆಯ ಸೂರಿಗೂ ಗೋಡೆಗೂ ಹೊದಿಸುವ ಮರದ ಬಿಲ್ಲೆಗಳಿಗೆ ಸ್ಟೇನ್ ತಯಾರಿಸಿ ಹೆಸರು ಮಾಡಿತು. ಆದರೆ ಹಿತ್ತಿಲ ಡೆಕ್ ಇನ್ನೂ ಹುಟ್ಟಿರಲಿಲ್ಲ. ಅದು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. ಕ್ಯಾಲಿಫೋರ್ನಿಯಾದಲ್ಲಿ ತೋಟಶಿಲ್ಪಿ ಥಾಮಸ್ ಚರ್ಚ್ 1948ರಲ್ಲಿ ರೂಪಿಸಿದ ಡಾನೆಲ್ ಉದ್ಯಾನದಲ್ಲಿ ಓಕ್ ಮರಗಳನ್ನು ಕಡಿಯದೆ ಅವುಗಳ ಸುತ್ತಲೇ ಹಲಗೆ ಹಾಸಿದ. ಊರ ಹೊರಗೆ ಸಾಲುಸಾಲಾಗಿ ಎದ್ದ ಹೊಸ ಬಡಾವಣೆಗಳಿಗೆ ಇಂಥ ಜಗಲಿ ಹಿಡಿಸಿತು.

ಅದೇ ಕಾಲಕ್ಕೆ ‘ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ’ ಎಂಬ ಗಾಳಿಯೂ ಬೀಸಿತು. 1954ರ ಆಗಸ್ಟಿನಲ್ಲಿ ‘ಟೈಮ್’ ಪತ್ರಿಕೆ ಈ ಹವ್ಯಾಸವನ್ನು ತನ್ನ ಮುಖಪುಟಕ್ಕೇರಿಸಿತು. ಕೂಲಿ ದುಬಾರಿಯಾಗಿತ್ತು, ಬಿಡುವು ಹೆಚ್ಚಿತ್ತು, ಡಬ್ಬಿಯಲ್ಲಿ ಸಿದ್ಧ ಬಣ್ಣ ದೊರೆಯುತ್ತಿತ್ತು. ವಿಸ್ಕಾನ್ಸಿನ್‌ನ ಮ್ಯಾಡಿಸನ್ನಿನಲ್ಲಿರುವ, 1910ರಲ್ಲಿ ಸ್ಥಾಪನೆಯಾದ ಸರಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯವು ಅಗಸೆ ಎಣ್ಣೆ, ಮೇಣ, ಮಣ್ಣುಬಣ್ಣ, ಬೂಷ್ಟುನಾಶಕಗಳನ್ನು ಕೂಡಿಸಿದ ಒಂದು ಪಾಕವನ್ನೂ ಜನರಿಗೆ ಹೇಳಿಕೊಟ್ಟಿತು. ವಿದ್ಯೆ ಹೀಗೆ ಕುಶಲಕರ್ಮಿಯಿಂದ ಗೃಹಸ್ಥನ ಕೈಗೆ ಬಂತು. ದೈಹಿಕ ಶ್ರಮವನ್ನು ಜಾತಿಯ ಲೆಕ್ಕದಲ್ಲಿ ಹಂಚಿಟ್ಟು, ಓದಿದವನು ಕುಂಚ ಹಿಡಿಯುವುದು ಹೀನವೆಂದು ಭಾವಿಸಿದ ನಮ್ಮ ಸಮಾಜ ಇದರಿಂದ ಕಲಿಯಬೇಕಾದ್ದಿದೆ. ಆದರೆ ಕೆಲಸ ಕೈ ಬದಲಾಯಿಸಿದಾಗ ಅದರ ಅಪಾಯದ ಅರಿವೂ ಜೊತೆಗೇ ಬರುತ್ತದೆಯೇ? ಕಥೆಯ ಮುಂದಿನ ಭಾಗ ಎತ್ತುವ ಪ್ರಶ್ನೆ ಇದು.

ಇಲ್ಲಿ ನಮ್ಮ ದೇಶದವರೊಬ್ಬರ ಪ್ರವೇಶ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ತೆಲುಗು ನಾಡಿನ ಶೊಂಠಿ ಕಾಮೇಶಂ 1933ರಲ್ಲಿ ಮರವನ್ನು ಕಾಪಾಡುವ ಒಂದು ದ್ರಾವಣವನ್ನು ಕಂಡುಹಿಡಿದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇವು ಮೂರು ಅದರ ಅಂಗಗಳು. ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಆರ್ಸೆನಿಕ್, ಅಂದರೆ ಪಾಷಾಣ, ಗೆದ್ದಲನ್ನು ಕೊಲ್ಲುತ್ತದೆ. ಕ್ರೋಮಿಯಂ ಇವೆರಡನ್ನೂ ಮಳೆಗೆ ಕೊಚ್ಚಿಹೋಗದಂತೆ ಮರದೊಳಗೆ ಬೆಸೆಯುತ್ತದೆ. ಈ ಬೆಸುಗೆಯೇ ಕಾಮೇಶಂ ಅವರ ಪ್ರತಿಭೆ. ಆರ್ಸೆನಿಕ್, ತಾಮ್ರಗಳ ರಾಸಾಯನಿಕ ಸಂಕೇತಗಳನ್ನು ಜೋಡಿಸಿ ಇದನ್ನು ‘ಆಸ್ಕು’ ಎಂದು ಕರೆದರು. 1938ರಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ಮೊದಲು ಕಂಬಗಳಿಗೆ ಬಳಕೆಯಾದ ಈ ದ್ರಾವಣ 1970ರ ದಶಕದಿಂದೀಚೆಗೆ ಅಗ್ಗದ ಪೈನ್ ಹಲಗೆಗಳಿಗೆ ವಜ್ರಕವಚವಾಯಿತು. ತಿಳಿಹಸಿರು ಛಾಯೆಯ ಆ ಹಲಗೆಗಳಿಂದ ಲಕ್ಷಾಂತರ ಡೆಕ್‌ಗಳೂ ಮಕ್ಕಳ ಆಟದ ಕಟ್ಟೋಣಗಳೂ ಎದ್ದವು. ಅವುಗಳ ಮೇಲೆ ಕುಳಿತು ಕಾಫಿ ಕುಡಿದ ಭಾರತೀಯರಲ್ಲಿ ಕಾಮೇಶಂ ಅವರ ಹೆಸರು ಕೇಳಿದ್ದವರು ವಿರಳ.

ಬೆಸುಗೆ ಗಟ್ಟಿಯಾಗಿತ್ತು, ಪೂರ್ಣವಾಗಿರಲಿಲ್ಲ. ಅಲ್ಪಸ್ವಲ್ಪ ಆರ್ಸೆನಿಕ್ ಹಲಗೆಯ ಮೈಗೆ ಬರುತ್ತದೆ, ಕೆಳಗಿನ ಮಣ್ಣಿಗೆ ಇಳಿಯುತ್ತದೆ, ಬರಿಗೈಯಲ್ಲಿ ಆಡುವ ಮಕ್ಕಳ ಬೆರಳಿನಿಂದ ಬಾಯಿಗೆ ಹೋಗಬಹುದು ಎಂಬ ಆತಂಕ ಬಲವಾಯಿತು. 2002ರ ಫೆಬ್ರವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯೊಡನೆ ತಯಾರಕರು ಮಾಡಿಕೊಂಡ ಒಪ್ಪಂದದಂತೆ, 2003ರ ಡಿಸೆಂಬರ್ 31ರ ಬಳಿಕ ಮನೆಬಳಕೆಯ ಮರಕ್ಕೆ ಈ ದ್ರಾವಣ ಹಾಕುವುದು ನಿಂತಿತು. ಆರ್ಸೆನಿಕ್ ಇಲ್ಲದ ತಾಮ್ರದ ದ್ರಾವಣಗಳು ಆ ಸ್ಥಾನಕ್ಕೆ ಬಂದವು. ಆದರೆ ಆಗಲೇ ಕಟ್ಟಿದ್ದ ಡೆಕ್‌ಗಳ ಗತಿ? ಮರದೊಳಗೆ ಇಳಿಯುವ ಲೇಪವನ್ನು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹಚ್ಚಿದರೆ ಕೈಗೆ ಅಂಟುವ ಪಾಷಾಣ ಕಡಿಮೆಯಾಗುತ್ತದೆ ಎಂದು ಪರಿಣತರು ಸೂಚಿಸಿದರು. ಅಂದಕ್ಕೆಂದು ಆರಂಭವಾದ ಸ್ಟೇನ್ ಹೀಗೆ ಮಕ್ಕಳ ರಕ್ಷೆಯೂ ಆಯಿತು. ಅಂಥ ಹಳೆಯ ಹಲಗೆಯನ್ನು ನಮ್ಮ ಬಡಗಿಗಳು ಉಪ್ಪುಕಾಗದವೆನ್ನುವ ಸ್ಯಾಂಡ್‌ಪೇಪರಿನಿಂದ ಉಜ್ಜಿ ಧೂಳೆಬ್ಬಿಸಬಾರದು. ಕಿತ್ತ ಹಲಗೆಯನ್ನು ಸೌದೆಯೆಂದು ಉರಿಸಲೂ ಬಾರದು, ಬೂದಿಯಲ್ಲಿ ವಿಷ ಉಳಿಯುತ್ತದೆ.

ಕೆಲಸದ ಕ್ರಮ ಸರಳವಾದದ್ದು. ಹಲಗೆಯನ್ನು ತೊಳೆದು ಕೆಲವು ದಿನ ಒಣಗಲು ಬಿಡಬೇಕು. ಒಂದು ಹನಿ ನೀರು ಹಾಕಿದರೆ ಮರ ಹೀರಿಕೊಳ್ಳಬೇಕು. ಹನಿ ಮುತ್ತಿನಂತೆ ನಿಂತರೆ ಎಣ್ಣೆಗೂ ದಾರಿಯಿಲ್ಲ. ಸುಡುಬಿಸಿಲನ್ನು ತಪ್ಪಿಸಿ, ಎಳೆಯ ದಿಕ್ಕಿನಲ್ಲಿ, ಎರಡು ಮೂರು ಹಲಗೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆಗೇ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಅಲ್ಲೊಂದು ಗಾಢ ಪಟ್ಟೆ ಉಳಿಯುತ್ತದೆ. ಮರ ಹೀರದೆ ಬಿಟ್ಟದ್ದನ್ನು ಬಟ್ಟೆಯಿಂದ ಒರೆಸಬೇಕು.

ಆ ಒರೆಸಿದ ಬಟ್ಟೆಯ ಕಥೆಯೇ ಬೇರೆ. ಅಗಸೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರುತ್ತ ಬಿಸಿಯಾಗುತ್ತದೆ. ಮುದ್ದೆಮಾಡಿ ಎಸೆದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗದೆ, ಯಾರೂ ಕಿಡಿ ತಾಗಿಸದಿದ್ದರೂ ಬೆಂಕಿ ಏಳಬಹುದು. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಝಾ ಎಂಬ 38 ಅಂತಸ್ತಿನ ಕಟ್ಟಡದ 22ನೆಯ ಮಹಡಿಯಲ್ಲಿ, ಮರಗೆಲಸಕ್ಕೆ ಬಳಸಿದ ಅಗಸೆ ಎಣ್ಣೆಯ ಬಟ್ಟೆಗಳಿಂದ ಹೊತ್ತಿದ ಬೆಂಕಿ ಮೂವರು ಅಗ್ನಿಶಾಮಕರ ಪ್ರಾಣ ತೆಗೆದುಕೊಂಡಿತು. ಅಂಥ ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಬೇಕು. ಹಿಂದೆ ಇಂಥ ಎಚ್ಚರವನ್ನು ಗುರುವಾದವನು ಶಿಷ್ಯನ ಕೈಹಿಡಿದು ಕಲಿಸುತ್ತಿದ್ದ. ಇಂದು ಆ ಗುರುವಿನ ಸ್ಥಾನದಲ್ಲಿರುವುದು ಡಬ್ಬಿಯ ಮೇಲಿನ ಸಣ್ಣಕ್ಷರದ ಚೀಟಿ.

ಕಾಮೇಶಂ ಅವರ ದ್ರಾವಣವನ್ನು ಇಂದಿನ ತಿಳಿವಳಿಕೆಯಿಂದ ದೂಷಿಸುವುದು ನ್ಯಾಯವಲ್ಲ. ಮರ ಬಾಳಿದಷ್ಟೂ ಕಾಡು ಕಡಿಯುವುದು ತಗ್ಗುತ್ತದೆ. ಆ ಉಪಕಾರ ಅವರದು. ಕಂಬದ ಮೇಲೆ ಕ್ಷೇಮವಾಗಿದ್ದ ವಸ್ತು ಮಗು ತೆವಳುವ ಜಗಲಿಗೆ ಇಳಿದುಬಂದಾಗ, ಅದರೊಳಗೇನಿದೆ ಎಂದು ಕೇಳುವವರು ಬಹುಕಾಲ ಇರಲಿಲ್ಲ. ನಮ್ಮ ನಗರಗಳಲ್ಲಿಯೂ ಈಗ ತಾರಸಿಗೆ, ಬಾಲ್ಕನಿಗೆ ಮರದ ಹಲಗೆ ಹಾಸುವ ರೂಢಿ ಬರುತ್ತಿದೆ. ಆ ಹಲಗೆಯನ್ನು ಯಾವುದರಲ್ಲಿ ಅದ್ದಿದ್ದಾರೆ, ಡಬ್ಬಿಯಲ್ಲಿ ಏನಿದೆ ಎಂದು ಅಂಗಡಿಯಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕುಂಚವನ್ನು ಆಮೇಲೆ ಹಿಡಿಯಬಹುದು.