ಪೆನ್ಸಿಲ್ವೇನಿಯಾದ ಮನೆಶಿಕ್ಷಣ: ಕಾಗದಪತ್ರಗಳ ಚರಿತ್ರೆ

ಪೆನ್ಸಿಲ್ವೇನಿಯಾದಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯವಾದದ್ದು 1895ರಲ್ಲಿ. ಅಮೆರಿಕದಲ್ಲಿ ಇಂಥ ಕಾನೂನನ್ನು ಮೊದಲು ತಂದ ಮ್ಯಾಸಚೂಸೆಟ್ಸ್ (1852) ಅದಕ್ಕೆ ನಾಲ್ಕು ದಶಕ ಮುಂದಿತ್ತು. ಕಲ್ಲಿದ್ದಲ ಗಣಿಯಲ್ಲೂ ಗಿರಣಿಯಲ್ಲೂ ಮಕ್ಕಳು ದುಡಿಯುತ್ತಿದ್ದ ಕಾಲ ಅದು. ಮನೆಯಲ್ಲೇ ಓದಿಸುವವರ ಚಿಂತೆ ಯಾರಿಗೂ ಇರಲಿಲ್ಲ. 1949ರ ಶಾಲಾ ಸಂಹಿತೆಯಲ್ಲಿ ಅಂಥವರಿಗೆಂದು ಉಳಿದದ್ದು ಒಂದೇ ಕಿಂಡಿ. ‘ಸೂಕ್ತ ಅರ್ಹತೆಯ ಖಾಸಗಿ ಬೋಧಕ’ರಿಂದ ಪಾಠವಾಗುತ್ತಿದ್ದರೆ, ಮತ್ತು ಅದು ಜಿಲ್ಲಾ ಸೂಪರಿಂಟೆಂಡೆಂಟರಿಗೆ ಒಪ್ಪಿಗೆಯಾದರೆ, ಮಗು ಶಾಲೆಗೆ ಹೋಗಬೇಕಾಗಿರಲಿಲ್ಲ. ಆ ಅರ್ಹತೆ ಯಾವುದೆಂದು ಸಂಹಿತೆ ಹೇಳಲಿಲ್ಲ.

ಆ ಕಿಂಡಿಗೆ ಜನ ಮುತ್ತಿದ್ದು 1970ರ ದಶಕದ ಕೊನೆಯಿಂದ. ಶಾಲೆಯೆಂಬ ವ್ಯವಸ್ಥೆಯನ್ನೇ ಪ್ರಶ್ನಿಸಿದ ಜಾನ್ ಹೋಲ್ಟ್ 1977ರಲ್ಲಿ ಬಾಸ್ಟನ್ನಿನಿಂದ ಮನೆಶಿಕ್ಷಣಕ್ಕೆಂದೇ ಪತ್ರಿಕೆ ಹೊರಡಿಸಿದ. 1980ರ ದಶಕದಲ್ಲಿ ಸರ್ಕಾರಿ ಶಾಲೆಯ ಬೋಧನೆ ಒಗ್ಗದ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಇದೇ ದಾರಿ ಹಿಡಿದವು. ಪೆನ್ಸಿಲ್ವೇನಿಯಾದಲ್ಲಿ ಸುಮಾರು 500 ಶಾಲಾ ಜಿಲ್ಲೆಗಳಿದ್ದು, ಒಬ್ಬೊಬ್ಬ ಸೂಪರಿಂಟೆಂಡೆಂಟ್ ಒಂದೊಂದು ಲೆಕ್ಕ ಹಾಕುತ್ತಿದ್ದ. ಒಂದು ಜಿಲ್ಲೆಯಲ್ಲಿ ತಾಯಿಯೇ ಬೋಧಕಿಯಾಗಿ ಸಲ್ಲುತ್ತಿದ್ದಳು; ಇನ್ನೊಂದರಲ್ಲಿ ಅವಳ ಬಳಿ ಶಿಕ್ಷಕಿಯ ಸರ್ಟಿಫಿಕೇಟ್ ಇಲ್ಲವೆಂದು ಕೇಸು ಬೀಳುತ್ತಿತ್ತು. 1988ರಲ್ಲಿ ‘ಜೆಫರಿ ವಿರುದ್ಧ ಓಡಾನೆಲ್’ ಪ್ರಕರಣದಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ ಈ ನಿಯಮ ಅಸ್ಪಷ್ಟ, ಆದ್ದರಿಂದ ಸಂವಿಧಾನಬಾಹಿರ ಎಂದು ತಳ್ಳಿಹಾಕಿತು.

ಅದೇ ವರ್ಷ ಡಿಸೆಂಬರಿನಲ್ಲಿ ಗವರ್ನರ್ ರಾಬರ್ಟ್ ಕೇಸಿ ಸಹಿ ಹಾಕಿದ 169ನೆಯ ಕಾಯ್ದೆ ಅಧಿಕಾರಿಯ ಮರ್ಜಿಯ ಜಾಗದಲ್ಲಿ ಕಾಗದಗಳ ಪಟ್ಟಿಯೊಂದನ್ನು ಇಟ್ಟಿತು. ಪಟ್ಟಿ ಉದ್ದವೇ ಇತ್ತು. ಆದರೆ ಅನುಮತಿ ಕೇಳುವ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕಾಯ್ದೆ ಹೆತ್ತವರ ಕೈ ಹಿಡಿದದ್ದು ಇಲ್ಲಿಯೇ. ಪಾಠ ಶುರುವಾಗುವ ಮೊದಲು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಗಸ್ಟ್ 1ರೊಳಗೆ, ನೋಟರಿಯ ಮುದ್ರೆಯುಳ್ಳ ಅಫಿಡವಿಟ್ ಸಲ್ಲಿಸಬೇಕಿತ್ತು. ಕಲಿಸುವವರು ಯಾರು, ಮಕ್ಕಳ ಹೆಸರು ವಯಸ್ಸು ಏನು, ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆಯೇ ಎಂಬ ವಿವರ ಅದರಲ್ಲಿರಬೇಕು. ಲಸಿಕೆಯ ದಾಖಲೆ ಜೊತೆಗಿರಬೇಕು. ಮನೆಯ ವಯಸ್ಕರಲ್ಲಿ ಯಾರೂ ಹಿಂದಿನ ಐದು ವರ್ಷಗಳಲ್ಲಿ ಕಾಯ್ದೆ ಹೆಸರಿಸುವ ಅಪರಾಧಗಳಿಗೆ ಶಿಕ್ಷೆಗೊಳಗಾಗಿಲ್ಲವೆಂದೂ ಪ್ರಮಾಣ ಮಾಡಬೇಕು. ಕಲಿಸುವವರಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದ ವಿದ್ಯಾರ್ಹತೆ ಇದ್ದರೆ ಸಾಕು. ವಿಷಯವಾರು ಕಲಿಕೆಯ ಗುರಿಗಳನ್ನೂ ಬರೆದು ಕೊಡಬೇಕಿತ್ತು; ಆದರೆ ಆ ಬರಹವನ್ನು ಹಿಡಿದು ನಿಯಮ ಮುರಿದಿರೆಂದು ಸೂಪರಿಂಟೆಂಡೆಂಟ್ ತೀರ್ಮಾನಿಸುವಂತಿಲ್ಲ ಎಂದು ಕಾಯ್ದೆಯೇ ಬೇಲಿ ಹಾಕಿತ್ತು.

ವರ್ಷದುದ್ದಕ್ಕೂ ಇಡಬೇಕಾದದ್ದು ಪೋರ್ಟ್‌ಫೋಲಿಯೊ. ಓದಿಸಿದ ಪುಸ್ತಕಗಳ ಹೆಸರನ್ನು ಆಗಿಂದಾಗ ಬರೆದಿಟ್ಟ ದಿನಚರಿ ಅದರ ಒಂದು ಭಾಗ. ಮಗುವಿನ ಬರಹ, ಲೆಕ್ಕದ ಹಾಳೆ, ಚಿತ್ರಗಳ ಮಾದರಿ ಇನ್ನೊಂದು. 3, 5 ಮತ್ತು 8ನೆಯ ತರಗತಿಗಳಲ್ಲಿ ಓದು ಮತ್ತು ಗಣಿತದ ಪ್ರಮಾಣೀಕೃತ ಪರೀಕ್ಷೆಯ ಫಲಿತಾಂಶವೂ ಸೇರಬೇಕು, ಪರೀಕ್ಷೆಯನ್ನು ಹೆತ್ತವರು ನಡೆಸುವಂತಿಲ್ಲ. ವರ್ಷಕ್ಕೆ 180 ದಿನ, ಇಲ್ಲವೇ ಪ್ರಾಥಮಿಕ ಹಂತದಲ್ಲಿ 900 ಗಂಟೆ, ಪ್ರೌಢ ಹಂತದಲ್ಲಿ 990 ಗಂಟೆ ಪಾಠವಾಗಬೇಕು. ಕಡ್ಡಾಯ ವಿಷಯಗಳಲ್ಲಿ ಬೆಂಕಿಯ ಅಪಾಯ ಮತ್ತು ಅದನ್ನು ತಡೆಯುವ ಬಗೆಯೂ ಒಂದು. ಅದನ್ನು ಕಲಿಸಿದ್ದಕ್ಕೆ ಪುರಾವೆಯಾಗಿ ಒಂದು ಹಾಳೆ ಫೈಲಿನಲ್ಲಿದ್ದರೆ ಒಳ್ಳೆಯದು.

ವರ್ಷದ ಕೊನೆಗೆ ಅರ್ಹ ಮೌಲ್ಯಮಾಪಕರು ಫೈಲು ನೋಡಿ, ಮಗುವಿನೊಡನೆ ಮಾತಾಡಿ, ಸರಿಯಾದ ಶಿಕ್ಷಣ ನಡೆಯುತ್ತಿದೆಯೆಂದು ಬರೆದುಕೊಡುತ್ತಿದ್ದರು. ಅಷ್ಟಾದ ಮೇಲೂ ಅದೇ ಫೈಲು ಸೂಪರಿಂಟೆಂಡೆಂಟರ ಮೇಜಿಗೆ ಹೋಗಬೇಕಿತ್ತು. ಒಂದೇ ಕೆಲಸ ಎರಡು ಬಾರಿ ಎಂಬ ಗೊಣಗಾಟ ಇದರಿಂದಲೇ. ನೆರೆಯ ನ್ಯೂಯಾರ್ಕ್ ಅದೇ 1988ರಲ್ಲಿ ಮೂರು ತಿಂಗಳಿಗೊಂದು ವರದಿ ಬೇಕೆಂದು ನಿಯಮ ಮಾಡಿತ್ತು. ಟೆಕ್ಸಸ್ಸಿನಲ್ಲಿ ಮಾತ್ರ ಕಥೆ ಬೇರೆ. ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಮನೆಶಾಲೆಯೂ ಖಾಸಗಿ ಶಾಲೆಯಾಗಬಹುದೆಂದು ಎತ್ತಿಹಿಡಿದ ಮೇಲೆ ಅಲ್ಲಿ ವರ್ಷವರ್ಷವೂ ಕಾಗದ ಸಲ್ಲಿಸುವ ಕಟ್ಟುಪಾಡೇ ಇಲ್ಲ.

ಮಕ್ಕಳ ಶಿಕ್ಷಣ ದೇವರು ತಮಗೆ ಒಪ್ಪಿಸಿದ ಕೆಲಸ, ಅದರ ಲೆಕ್ಕ ಸರ್ಕಾರಕ್ಕೆ ಕೊಡುವುದು ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಪೆನ್ಸಿಲ್ವೇನಿಯಾದ ಕೆಲವು ಕುಟುಂಬಗಳು ದಾವೆ ಹೂಡಿದವು. 2008ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ‘ಕೂಂಬ್ಸ್ ವಿರುದ್ಧ ಹೋಮರ್-ಸೆಂಟರ್’ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ನ್ಯಾಯಾಲಯದಲ್ಲಿ ಸಿಗದ ಸಡಿಲಿಕೆ ಶಾಸನಸಭೆಯಲ್ಲಿ ಸಿಕ್ಕಿತು, ಅದೂ ಅರ್ಧ ಮಾತ್ರ: 2014ರ 196ನೆಯ ಕಾಯ್ದೆ ಸೂಪರಿಂಟೆಂಡೆಂಟರ ಫೈಲು ಪರಿಶೀಲನೆಯನ್ನು ಕೈಬಿಟ್ಟಿತು. ಮೌಲ್ಯಮಾಪಕರ ಪ್ರಮಾಣಪತ್ರವೊಂದನ್ನು ಜೂನ್ 30ರೊಳಗೆ ಕೊಟ್ಟರೆ ಈಗ ಸಾಕು. ಸರಿಯಾಗಿ ಕಲಿಸುತ್ತಿಲ್ಲವೆಂದು ಸೂಪರಿಂಟೆಂಡೆಂಟರಿಗೆ ಸಕಾರಣ ಅನುಮಾನ ಬಂದರೆ ಪತ್ರ ಬರೆದು ಕೇಳಬಹುದು; ಆಗ ಹೆತ್ತವರಿಗೆ 30 ದಿನಗಳ ಗಡುವು. ಮೌಲ್ಯಮಾಪಕರ ಸಹಿಯೊಂದಿಗೆ ಹೆತ್ತವರೇ ಕೊಡುವ ಹೈಸ್ಕೂಲ್ ಡಿಪ್ಲೊಮಾಕ್ಕೆ ರಾಜ್ಯದ ಮಾನ್ಯತೆ ದೊರೆತದ್ದೂ ಇದೇ ಕಾಯ್ದೆಯಿಂದ.