ಮಾಸ್ತರಾ, ಒಂದು ಕಾಗದ ಬರೆದುಕೊಡಿ

ಜೊಯಿಡಾ ಕಾಡಿನ ಒಂದು ಶಾಖಾ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತವ ನಾನು. ಕಚೇರಿ ಎಂದರೆ ನಮ್ಮ ಮನೆಯ ಜಗಲಿ. ಅಲ್ಲಿ ಸ್ಟಾಂಪು ಮಾರಿದ್ದಕ್ಕಿಂತ ಕಂಡವರ ಕಾಗದ ಬರೆದದ್ದೇ ಹೆಚ್ಚು. ಕುಣಬಿ ಅಜ್ಜಿಯರು ಕವಳದ ಸಂಚಿ ಬದಿಗಿಟ್ಟು ಕೊಂಕಣಿಯಲ್ಲಿ ಹೇಳುವರು, ನಾನು ಕನ್ನಡದಲ್ಲಿ ಇಳಿಸುವೆ. ದಾಂಡೇಲಿಗೆ ಕೂಲಿಗೆ ಹೋದ ಮಗ ಯಾರಿಂದಲೋ ಓದಿಸಿ ಅದನ್ನು ಮತ್ತೆ ಕೊಂಕಣಿಯಲ್ಲಿ ಕೇಳುವನು.

‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರು ಮಾಡದೆ ನನ್ನ ಪೆನ್ನು ಮುಂದೆ ಓಡುತ್ತಿರಲಿಲ್ಲ. ಅಜ್ಜಿ ‘ಆ ನಾಯಿಗೆ ತಾಯಿ ಸತ್ತಳೋ ಇದ್ದಾಳೋ ಗೊತ್ತಿಲ್ಲವಾ’ ಎಂದರೆ ‘ತಮ್ಮ ಪತ್ರ ಬಾರದೆ ಚಿಂತೆಯಾಗಿದೆ’ ಎಂದು ಬರೆಯುತ್ತಿದ್ದೆ. ಬೈಗುಳಕ್ಕೆ ಇನ್‌ಲ್ಯಾಂಡಿನಲ್ಲಿ ಜಾಗ ಎಲ್ಲಿ?

ವಿಳಾಸದ್ದು ಬೇರೆಯೇ ಕತೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಸೂಪಾ ಊರು ಮುಳುಗಿತು, ಜನ ರಾಮನಗರದ ಕಡೆ ಹೋದರು. ಹಳಬರು ಮಾತ್ರ ಲಕೋಟೆಯ ಮೇಲೆ ಸೂಪಾ ಎಂದೇ ಬರೆಸುತ್ತಿದ್ದರು. ನೀರಿನೊಳಗಿನ ಊರಿಗೆ ಬಂದ ಟಪಾಲನ್ನೂ ನಾವು ಮುಟ್ಟಿಸಿದ್ದೇವೆ.

ತಾರಿಗೆ ಮಾತ್ರ ಎಲ್ಲರೂ ಹೆದರುವರು. ತೆರೆಯುವ ಮೊದಲೇ ಮನೆಯವರು ಅಳಲು ಶುರು. ಒಮ್ಮೆ ಮಗು ಹುಟ್ಟಿದ ಸುದ್ದಿಗೂ ಅರ್ಧ ತಾಸು ಅತ್ತರು!

2013ರ ಜುಲೈಯಲ್ಲಿ ತಾರು ನಿಂತಿತು. ಮರುತಿಂಗಳೇ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಬಂತಂತೆ. ಇದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ; ನಮ್ಮ ಗುಡ್ಡಗಳಿಗೆ ನೆಟ್‌ವರ್ಕ್ ಹತ್ತುವುದು ಎಂದೂ ತಡವೇ. 2020ರಲ್ಲಿ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು.

ಓದು ಬಾರದ ಅಜ್ಜಿಯರು ಈಗ ಅಕ್ಷರವನ್ನೇ ಹಾರಿ ದಾಟಿದ್ದಾರೆ. ಮೈಕಿನ ಗುರುತನ್ನು ಒತ್ತಿ ಹಿಡಿದರು, ಕೊಂಕಣಿಯಲ್ಲಿ ಬೈದರು, ಬಿಟ್ಟರು. ಬೈಗುಳ ಇದ್ದ ಹಾಗೇ ಹೋಗುತ್ತದೆ, ನಡುವೆ ನಾನಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮೊಮ್ಮಕ್ಕಳಿಗೆ ಆ ಎರಡು ನಿಮಿಷದ ದನಿ ಕೇಳಲು ಪುರುಸೊತ್ತಿಲ್ಲ. ಅವರದು ಬೆರಳಿನ ಮಾತು. ಕೊಂಕಣಿಯನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ. ಅದೂ ಬೇಸರವಾದರೆ ಒಂದು ಚಿತ್ರ ಒಗೆದು ಮುಗಿಸುತ್ತಾರೆ.

ಮೊನ್ನೆ ಕೆಳಗಿನ ಕೇರಿಯ ಅಜ್ಜಿ ಫೋನು ಹಿಡಿದು ಜಗಲಿ ಹತ್ತಿದಳು. ‘ಮಾಸ್ತರಾ, ಫೋಂಡಾದಿಂದ ಮೊಮ್ಮಗ ಏನೋ ಕಳಿಸಿದ್ದಾನೆ, ಓದಿ ಹೇಳಿ.’

ಚವತಿಗೆ ಊರಿಗೆ ಬಾ ಎಂದು ಅವಳು ಮೂರು ಸಲ ದನಿ ಕಳಿಸಿದ್ದಳು. ಉತ್ತರಕ್ಕೆ ಒಂದೇ ಒಂದು ಹಳದಿ ಹೆಬ್ಬೆರಳು.

ಕನ್ನಡಕ ಹಾಕಿಕೊಂಡೆ. ‘ಉಭಯ ಕುಶಲೋಪರಿ ಸಾಂಪ್ರತ,’ ಎಂದೆ. ‘ಕ್ಷೇಮವಾಗಿದ್ದಾನಂತೆ. ನಿನ್ನ ಮಾತೆಲ್ಲ ಮುಟ್ಟಿತಂತೆ.’

‘ಇಷ್ಟು ಸಣ್ಣದರಲ್ಲಿ ಅಷ್ಟೆಲ್ಲ ಬರೆದಿದ್ದಾನಾ?’ ಎಂದು ಅಜ್ಜಿ ಫೋನನ್ನು ತಿರುಗಿಸಿ ನೋಡಿದಳು.